ಫೈರ್ ಗಾಡಿ ಬರುವ ತನಕ: ಹಳ್ಳಿಗಳಲ್ಲಿ ಬೆಂಕಿಯ ಪಾಠ ಹೇಳಿದ ನನ್ನ ಅನುಭವ

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದಾಗ ಇಡೀ ತಾಲ್ಲೂಕಿಗೆ ಇದ್ದದ್ದು ಅದೊಂದೇ ಠಾಣೆ. ಗಡಿಯ ಹಳ್ಳಿಗಳು ಸುಮಾರು 30 ಕಿಲೋಮೀಟರ್ ದೂರವಿದ್ದುದರಿಂದ, ಕರೆ ಬಂದ ಕೂಡಲೇ ಹೊರಟರೂ ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆಯಾಗುತ್ತಿತ್ತು. ರಾಗಿ ಹುಲ್ಲಿನ ಮೆದೆ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಜನಜಾಗೃತಿಯ ಹೆಸರಿನಲ್ಲಿ ಮಾಡುವ ಕೆಲಸಕ್ಕೆಲ್ಲ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೆ: ಗಾಡಿ ಬರುವ ತನಕ ಸ್ಥಳದಲ್ಲಿರುವವರು ಏನು ಮಾಡಬೇಕು, ಏನು ಮಾಡಬಾರದು. ಇಲಾಖೆಯ ಇತಿಹಾಸ, ಉಪಕರಣಗಳ ವರ್ಣನೆ, ವೇದಿಕೆಯ ಭಾಷಣ ಎಲ್ಲವನ್ನೂ ಕೈಬಿಟ್ಟೆವು.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ದೇಶದೆಲ್ಲೆಡೆ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವೇಳೆಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಠಾಣೆಗೋ ಮೆದೆಯ ಬೆಂಕಿ, ಗುಡ್ಡದ ಬೆಂಕಿಯೆಂದು ಬಿಡುವೇ ಇರುವುದಿಲ್ಲ. ಹಾಗಾಗಿ ಸಪ್ತಾಹವನ್ನು ಸಂತೆ ಮೈದಾನಕ್ಕೂ ಬಸ್ ನಿಲ್ದಾಣಕ್ಕೂ ಮೀಸಲಿಟ್ಟು, ಶಾಲೆ ಮತ್ತು ಅಂಗನವಾಡಿಗಳಿಗೆ ಮಳೆ ಹಿಡಿದ ಮೇಲೆ ಹೋಗುತ್ತಿದ್ದೆವು.

ಚಿಕ್ಕ ಮಕ್ಕಳು ಬೆಂಕಿ ಕಂಡರೆ ಹೊರಗೆ ಓಡುವ ಬದಲು ಮಂಚದ ಅಡಿಯಲ್ಲೋ ಬಾಗಿಲ ಮೂಲೆಯಲ್ಲೋ ಅವಿತುಕೊಳ್ಳುತ್ತಾರೆ. ಹುಡುಕಿಕೊಂಡು ಹೋದ ನಮ್ಮವನು ಮುಖಗವಸು ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಬುಸ್ ಬುಸ್ ಎನ್ನುತ್ತ ಒಳಗೆ ಬಂದರೆ ಮಗು ಇನ್ನಷ್ಟು ಒಳಗೆ ಸರಿಯುತ್ತದೆ. ಅಂಗನವಾಡಿಯಲ್ಲಿ ನಮ್ಮ ಸಿಬ್ಬಂದಿಯೊಬ್ಬರು ಮಕ್ಕಳ ಜೊತೆ ನೆಲದ ಮೇಲೆ ಕುಳಿತು, ಮೊದಲು ಬೂಟು, ಆಮೇಲೆ ಕೋಟು, ಹೆಲ್ಮೆಟ್, ಕಡೆಗೆ ಮುಖಗವಸು ಎಂದು ಒಂದೊಂದನ್ನೇ ತೊಡುತ್ತಿದ್ದರು. ಗವಸಿನೊಳಗಿನಿಂದ ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದರು. ‘ಮಾಮ ಕರೆದರೆ ಓಗೊಡಬೇಕು’ ಎಂಬುದಷ್ಟೇ ಆ ವಯಸ್ಸಿನ ಪಾಠ.

ಹೆಚ್ಚು ಸಮಯ ಕೊಟ್ಟದ್ದು ಸ್ತ್ರೀಶಕ್ತಿ ಸಂಘಗಳ ಸಭೆಗಳಿಗೆ, ಏಕೆಂದರೆ ಮನೆಯಲ್ಲಿ ಬೆಂಕಿಯ ಹತ್ತಿರ ದಿನವಿಡೀ ಇರುವವರು ಅವರೇ. 14.2 ಕಿಲೋ ಸಿಲಿಂಡರನ್ನು ನಡುವೆ ಇಟ್ಟು, ಅದರ ಬಾಯಿಗೆ ದಾರ ಕಟ್ಟಿ ಬಿಟ್ಟಿರುವ ಪ್ಲಾಸ್ಟಿಕ್ ಮುಚ್ಚಳ ಯಾತಕ್ಕೆಂದು ಕೇಳುತ್ತಿದ್ದೆ. ‘ಅಯ್ಯೋ ಸ್ವಾಮಿ, ಅದನ್ನ ತಂದ ದಿವಸಾನೇ ಕಿತ್ತು ಬಿಸಾಕ್ತೀವಿ’ ಎಂದು ಒಬ್ಬ ಅಜ್ಜಿ ಹೇಳಿದಾಗ ಸಭೆಯೆಲ್ಲ ತಲೆಯಾಡಿಸಿತು. ವಾಲ್ವಿನಿಂದ ಗ್ಯಾಸ್ ಸೋರುತ್ತಿದ್ದರೆ ರೆಗ್ಯುಲೇಟರ್ ತೆಗೆದು ಅದೇ ಮುಚ್ಚಳವನ್ನು ಟಕ್ ಎನ್ನುವ ತನಕ ಒತ್ತಿದರೆ ಸೋರಿಕೆ ನಿಲ್ಲುತ್ತದೆ. ನಾನು ಒತ್ತಿ ತೋರಿಸಿದ್ದಕ್ಕೆ ಹೆಚ್ಚಿನ ಪ್ರಯೋಜನವಾಗಲಿಲ್ಲ. ಆ ಅಜ್ಜಿ ಎರಡೂ ಹೆಬ್ಬೆರಳು ಇಟ್ಟು ಒತ್ತಿ, ಸದ್ದು ಕೇಳಿಸಿಕೊಂಡು ಪಕ್ಕದವರಿಗೆ ಹೇಳಿಕೊಟ್ಟದ್ದೇ ಪಾಠವಾಯಿತು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದಾಗ ಲೈಟು, ಫ್ಯಾನಿನ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಸಿಲಿಂಡರಿನ ಮೇಲಿನ ಪಟ್ಟಿಯ ಒಳಬದಿಯಲ್ಲಿ ಬರೆದಿರುವ ಅಕ್ಷರವನ್ನೂ ಓದಿಸುತ್ತಿದ್ದೆವು: ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಮುಂದಿನ ಅಂಕಿ ವರ್ಷ. ಆ ತಿಂಗಳು ಕಳೆದ ಮೇಲೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾದದ್ದು, ಮನೆಗೆ ಬರುವಂಥದ್ದಲ್ಲ.

ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ನೀರು ಸುರಿಯಬಾರದೆಂದು ಬಾಯಲ್ಲಿ ಹೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಬಯಲಿನಲ್ಲಿ ಜನರನ್ನು ದೂರ ನಿಲ್ಲಿಸಿ, ಉದ್ದ ಕೋಲಿಗೆ ಕಟ್ಟಿದ ಲೋಟದಿಂದ ಉರಿಯುವ ಎಣ್ಣೆಗೆ ನೀರು ಸುರಿದಾಗ ಆಳೆತ್ತರಕ್ಕೆ ಜ್ವಾಲೆ ಹಾರುವುದನ್ನು ಕಂಡವರಿಗೆ ಮತ್ತೆ ಹೇಳಬೇಕಾಗಿರಲಿಲ್ಲ. ಅನಂತರ ಇನ್ನೊಂದು ಬಾಣಲೆಯ ಮೇಲೆ ದೊಡ್ಡ ತಟ್ಟೆಯನ್ನು ತಮ್ಮ ಕಡೆಯಿಂದ ಆಚೆಗೆ ಸರಿಸಿ ಮುಚ್ಚುವುದನ್ನು ಸಂಘದವರಿಂದಲೇ ಮಾಡಿಸುತ್ತಿದ್ದೆವು.

ವಯಸ್ಸಾದವರ ಹತ್ತಿರ ನಾನು ಹಟ ಹಿಡಿದದ್ದು ಸುಟ್ಟ ಗಾಯದ ವಿಷಯದಲ್ಲಿ. ಇಂಕು, ಟೂತ್‌ಪೇಸ್ಟು, ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮಂಜುಗಡ್ಡೆಯೂ ಬೇಡ, ತಣ್ಣೀರನ್ನು 20 ನಿಮಿಷ ಬಿಡಿ, ಬಳೆ ಉಂಗುರಗಳನ್ನು ಊದಿಕೊಳ್ಳುವ ಮೊದಲೇ ತೆಗೆಯಿರಿ ಎಂದು ಅವರ ಬಚ್ಚಲಿನಲ್ಲೇ, ಅವರ ಚೊಂಬಿನಲ್ಲೇ ನೀರು ಹಾಕಿ ತೋರಿಸುತ್ತಿದ್ದೆವು.

ಕಾಲೇಜು ಹುಡುಗರಿಗೆ ಪಾಠ ಬೇರೆ, ಏಕೆಂದರೆ ಅವರಲ್ಲಿ ಬಹುಪಾಲು ಬೆಂಗಳೂರಿಗೆ ಹೊರಟವರು. 2010ರ ಫೆಬ್ರವರಿ 23ರಂದು ಅಲ್ಲಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತರು. ಹೊಗೆ ತಾಳಲಾರದೆ ಹಲವರು ಮೇಲಿನಿಂದ ಜಿಗಿದಿದ್ದರು. ಹೊಸ ಕಚೇರಿಗೋ ಪಿಜಿಗೋ ಸೇರಿದ ದಿನವೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡಿಕೊಳ್ಳಿ ಎಂದೆ. ಕೆರೆಯಲ್ಲಿ ಮುಳುಗುತ್ತಿರುವವನನ್ನು ಕಂಡು ಈಜು ಬಾರದವನು ಧುಮುಕುವುದನ್ನು ತಪ್ಪಿಸಲು, ಬಿರಡೆ ಹಾಕಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯುವುದನ್ನೂ ದಡದಲ್ಲೇ ಅಭ್ಯಾಸ ಮಾಡಿಸಿದೆವು.

ರೈತರ ಜೊತೆಗಿನ ಮಾತು ಮಾತ್ರ ಕಷ್ಟದ್ದಾಗಿತ್ತು. ಮೆದೆಯನ್ನು ಮನೆ, ಕೊಟ್ಟಿಗೆಗಳಿಂದ ದೂರ, ವಿದ್ಯುತ್ ತಂತಿಯ ಕೆಳಗಲ್ಲದ ಕಡೆ ಒಟ್ಟಬೇಕೆಂದರೆ ‘ಜಾಗ ಎಲ್ಲೈತೆ ಸಾರ್?’ ಎಂಬ ಉತ್ತರ ಸಿಗುತ್ತಿತ್ತು, ಅದು ನ್ಯಾಯವೂ ಆಗಿತ್ತು. ಒಂದೇ ದೊಡ್ಡ ಮೆದೆಯ ಬದಲು ಅಂತರ ಬಿಟ್ಟು ಎರಡು ಮೆದೆ ಹಾಕಲು ಕೆಲವರು ಒಪ್ಪಿದರು. ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಾದುಹೋಗುವ ದಾರಿಯಲ್ಲಿ ಜೋತುಬಿದ್ದ ತಂತಿಗಳ ಪಟ್ಟಿಯನ್ನು ಊರಿನವರಿಂದಲೇ ಬರೆಸಿಕೊಂಡು, ಕಂಬದ ನಂಬರಿನ ಸಮೇತ ಲೈನ್‌ಮನ್ ಕೈಗೆ ಕೊಡುವ ಏರ್ಪಾಡನ್ನು ಸುಗ್ಗಿಗೆ ಮುಂಚೆ ಪ್ರತಿವರ್ಷ ಮಾಡಿಕೊಂಡೆವು; ಬಿಗಿದ ತಂತಿಗಳ ಕೆಳಗಿನಿಂದ ನಮಗೆ ಬರುವ ಕರೆಗಳು ಕಡಿಮೆಯಾದವು.