ಜವಾರಿ ಟೊಮೆಟೊ, ಇಟಲಿಯ ಸಾಸ್

ಪಾಸ್ತಾಕ್ಕೆ ಹಾಕುವ ಈ ಸಾಸ್‌ಗೆ ಸಾಮಾನು ಐದೇ: ಟೊಮೆಟೊ, ಆಲಿವ್ ಎಣ್ಣೆ, ಬಳ್ಳೊಳ್ಳಿ, ಉಪ್ಪು, ಬೇಸಿಲ್ ಎಲೆ. ಇದರಲ್ಲಿ ಕೈಕೊಡುವುದು ಬಹಳ ಸಲ ಟೊಮೆಟೊನೇ. ಇಟಲಿಯಲ್ಲಿ ಸಾಸ್‌ಗೆ ಹೆಸರಾದ ಸ್ಯಾನ್ ಮಾರ್ಜಾನೊ ತಳಿ ಉದ್ದಕ್ಕಿರುತ್ತದೆ. ತಿರುಳು ದಪ್ಪ, ಬೀಜ ಕಡಿಮೆ, ಹುಳಿಯೂ ಕಡಿಮೆ. ನಮ್ಮ ಹುಬ್ಬಳ್ಳಿ ಜನತಾ ಬಜಾರಿನ ಜವಾರಿ ಟೊಮೆಟೊ ಅದಕ್ಕೆ ಪೂರಾ ಉಲ್ಟಾ. ಸಾರಿಗೆ ಅದನ್ನು ಮೀರಿಸುವುದು ಇನ್ನೊಂದಿಲ್ಲ, ಆದರೆ ಸಾಸ್‌ಗೆ ಅದೊಂದನ್ನೇ ಹಾಕಿದರೆ ನೀರು ಇಂಗುವಷ್ಟರಲ್ಲಿ ಹುಳಿ ಹಲ್ಲು ಚಳಿಯುವಷ್ಟಾಗುತ್ತದೆ. ಬರೀ ಉದ್ದನೆಯ ಹೈಬ್ರಿಡ್ ಹಾಕಿದರೆ ಸಪ್ಪೆ. ನಾನು ಹಾಕುವುದು 750 ಗ್ರಾಂ ಹೈಬ್ರಿಡ್, 250 ಗ್ರಾಂ ಜವಾರಿ. ಹೈಬ್ರಿಡ್ ಅನ್ನು ತಂದ ದಿನವೇ ಮುಟ್ಟುವುದಿಲ್ಲ. ಎರಡು-ಮೂರು ದಿನ ಹೊರಗೇ ಬಿಟ್ಟು, ಒತ್ತಿದರೆ ಮೆತ್ತಗಾದ ಮೇಲೆ ಒಲೆ ಹಚ್ಚುತ್ತೇನೆ.

ಹಣ್ಣಿನ ಬುಡವನ್ನು ಅಡ್ಡ-ಉದ್ದ ತುಸು ಸೀಳಿ, ಕುದಿಯುವ ನೀರಲ್ಲಿ 40 ಸೆಕೆಂಡು ಬಿಟ್ಟು, ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಭವಾಗಿ ಬರುತ್ತದೆ. ಬೀಜದ ಲೋಳೆಯನ್ನು ಚೆಲ್ಲಬೇಡಿ, ರುಚಿ ಇರುವುದೇ ಅದರಲ್ಲಿ. ಜಾಲರಿಯಲ್ಲಿ ಸೋಸಿ ಬೀಜ ಮಾತ್ರ ತೆಗೆಯಿರಿ. ತಿರುಳನ್ನು ಕೈಯಿಂದ ಹಿಸುಕಿದರೆ ಸಾಕು. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಕೆಂಪು ಹೋಗಿ ಕೇಸರಿ ಬಣ್ಣ ಬರುತ್ತದೆ. ಬೀಜ ಉಳಿದಿದ್ದರೆ ಅದು ಒಡೆದು ಕಹಿಯಾಗುತ್ತದೆ.

ಪಾತ್ರೆ ಅಗಲವಾದ, ದಪ್ಪ ತಳದ ಸ್ಟೀಲಿನದಿರಲಿ. ಕಬ್ಬಿಣದ ಬಾಣಲೆ ಬೇಡ, ಹುಳಿಗೆ ಸಾಸ್ ಕಪ್ಪಾಗಿ ಕಬ್ಬಿಣದ ವಾಸನೆ ಹಿಡಿಯುತ್ತದೆ.

ಬಳ್ಳೊಳ್ಳಿಯದ್ದೇ ಸೂಕ್ಷ್ಮ ಕೆಲಸ. ನಾಲ್ಕು ಚಮಚ ತಣ್ಣನೆಯ ಎಣ್ಣೆಯಲ್ಲೇ ಏಳೆಂಟು ಎಸಳು ಜಜ್ಜಿ ಹಾಕಿ, ಆಮೇಲೆ ಸಣ್ಣ ಉರಿ ಹಚ್ಚುತ್ತೇನೆ. ಒಗ್ಗರಣೆಯ ಹಾಗೆ ಕಾದ ಎಣ್ಣೆಗೆ ಚುಂಯ್ ಅನ್ನಿಸಿದರೆ ಹೊರಗೆ ಕಂದು, ಒಳಗೆ ಹಸಿ. ಅಂಚು ಗೋದಿ ಬಣ್ಣಕ್ಕೆ ತಿರುಗುತ್ತಲೇ ಟೊಮೆಟೊ ಸುರಿಯಬೇಕು. ಕಂದಾಗಿಬಿಟ್ಟರೆ ಆ ಕಹಿ ಕೊನೆಯವರೆಗೂ ಹೋಗುವುದಿಲ್ಲ; ಎಣ್ಣೆ ಸಮೇತ ಚೆಲ್ಲಿ ಮತ್ತೆ ಶುರು ಮಾಡುವುದೇ ವಾಸಿ. ಆಲಿವ್ ಎಣ್ಣೆ ತುಟ್ಟಿ ಅನ್ನಿಸಿದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಬೇಯಿಸಿ, ಇಳಿಸುವಾಗ ಒಂದು ಚಮಚ ಆಲಿವ್ ಹಸಿಯಾಗಿ ಹಾಕಿ. ಗಾಣದ ಶೇಂಗಾ ಎಣ್ಣೆ ಮಾತ್ರ ಬೇಡ, ಅದರ ಘಮ ಎಲ್ಲವನ್ನೂ ನುಂಗುತ್ತದೆ.

ಒಂದು ಸಣ್ಣ ಚಮಚ ಉಪ್ಪು ಹಾಕಿ, ಮುಚ್ಚಳವಿಲ್ಲದೆ, ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ 25ರಿಂದ 30 ನಿಮಿಷ. ಸೌಟಿನಿಂದ ತಳದಲ್ಲಿ ಗೆರೆ ಎಳೆದಾಗ ನೀರು ಓಡಿಬಂದು ಗೆರೆ ಮುಚ್ಚಬಾರದು, ಅಂಚಿನಲ್ಲಿ ಎಣ್ಣೆ ಕಾಣಬೇಕು. ಹುಳಿ ಇನ್ನೂ ಮುಂದಿದ್ದರೆ ಕಾಲು ಚಮಚ ಸಕ್ಕರೆ. ಸೋಡಾ ಹಾಕಿದರೆ ಹುಳಿಯ ಜೊತೆ ರುಚಿಯೂ ಸಾಯುತ್ತದೆ.

ಉಳ್ಳಾಗಡ್ಡಿ ಬೇಕೆನ್ನುವವರು ಅದನ್ನು ಟೊಮೆಟೊಗಿಂತ ಮೊದಲೇ ಪೂರ್ತಿ ಮೆತ್ತಗಾಗಿಸಲಿ. ಹುಳಿಯೊಳಗೆ ಬಿದ್ದ ಮೇಲೆ ಅದು ಬೇಗ ಬೇಯುವುದೇ ಇಲ್ಲ. ಕೊತ್ತಂಬರಿ, ಗರಂ ಮಸಾಲೆ, ಬ್ಯಾಡಗಿ ಪುಡಿ ಯಾವುದೂ ಬೇಡ. ಖಾರ ಬೇಕೆಂದರೆ ಒಣ ಮೆಣಸಿನಕಾಯಿಯನ್ನು ಎಣ್ಣೆಯಲ್ಲೇ ಬಿಡಿ, ಅದು ಅರಾಬ್ಬಿಯಾತಾ ಎಂಬ ಬೇರೆಯೇ ಸಾಸ್ ಆಗುತ್ತದೆ. ಅದಕ್ಕೂ ಬ್ಯಾಡಗಿ ಸಾಲದು. ಅದು ಬಣ್ಣದ ಮೆಣಸಿನಕಾಯಿ, ಖಾರದ್ದು ಗುಂಟೂರು.

ಬೇಸಿಲ್ ಬದಲು ಮನೆಮುಂದಿನ ತುಳಸಿ ಹಾಕಿದರೆ ಲವಂಗದಂಥ ಕಟು ವಾಸನೆ ಬರುತ್ತದೆ. ಕುಂಡದಲ್ಲಿ ಕಾಮಕಸ್ತೂರಿ ಇದ್ದರೆ ಅದು ಬೇಸಿಲ್‌ನ ಜಾತಿಯದೇ, ನಡೆಯುತ್ತದೆ. ಎಂಟು-ಹತ್ತು ಎಲೆ, ಉರಿ ಆರಿಸಿದ ಮೇಲೆ, ಕೈಯಿಂದ ಹರಿದು.

ಇಷ್ಟು ಸಾಸ್ 400 ಗ್ರಾಂ ಪಾಸ್ತಾಕ್ಕೆ, ಅಂದರೆ ನಾಲ್ಕು ಜನಕ್ಕೆ. ಪಾಸ್ತಾ ಬೆಂದ ನೀರಿನ ಒಂದು ಸೌಟು ಸಾಸ್‌ಗೆ ಸೇರಿಸಿ, ಅದರಲ್ಲೇ ಪಾಸ್ತಾ ಒಂದು ನಿಮಿಷ ಕಲಸಿದರೆ ಹೊಂದಿಕೊಳ್ಳುತ್ತದೆ. ಉಳಿದದ್ದು ಫ್ರಿಜ್‌ನಲ್ಲಿ ನಾಲ್ಕು ದಿನ. ಉಪ್ಪಿನಕಾಯಿಯಂತೆ ಹೊರಗೆ ಬಾಟಲಿಯಲ್ಲಿ ಇಡುವ ಪದಾರ್ಥ ಇದಲ್ಲ.