ಧೂಳನ್ನು ಬ್ಲೇಡಿನ ಬಾಯಲ್ಲೇ ಹಿಡಿದದ್ದು: ಹನುಮಂತನಗರದ ಒಂದು ಮನೆ ಕೆಲಸದ ಅನುಭವ

ಹಸಿರು ಬಲೆ ಕಟ್ಟಿ, ದಿನಕ್ಕೆರಡು ಸಲ ನೀರು ಹೊಡೆಸಿದರೆ ಧೂಳಿನ ಮಾತು ಮುಗಿಯಿತು ಎಂದು ನಾನೂ ಸುಮಾರು ಹದಿನೈದು ವರ್ಷ ನಂಬಿಕೊಂಡಿದ್ದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹನುಮಂತನಗರದ 30x40 ನಿವೇಶನವೊಂದರಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಹಿಡಿದಾಗ ಆ ನಂಬಿಕೆ ಕಳಚಿತು. ಪಕ್ಕದ ಮನೆಗೂ ನಮ್ಮ ಗೋಡೆಗೂ ಮೂರಡಿ ಅಂತರವಿತ್ತು, ಆ ಮನೆಯಲ್ಲಿ ಉಬ್ಬಸದ ಹಿರಿಯರೊಬ್ಬರಿದ್ದರು. ಅವರ ಮಗ ಬಾಲ್ಕನಿಯಲ್ಲಿ ಗಾಳಿಯ ಧೂಳು ಅಳೆಯುವ ಸಣ್ಣ ಯಂತ್ರವನ್ನಿಟ್ಟು, ಅದರ ಅಂಕಿಯನ್ನು ದಿನವೂ ನನ್ನ ಮೊಬೈಲಿಗೆ ಕಳಿಸತೊಡಗಿದರು. ಮೊದಲು ಸಿಟ್ಟು ಬಂದರೂ, ಕೊನೆಗೆ ದಾರಿ ತೋರಿಸಿದ್ದು ಆ ಅಂಕಿಗಳೇ.

ಬಲೆಯನ್ನು ಎರಡು ಪದರ ಮಾಡಿಸಲು ಹದಿನೆಂಟು ಸಾವಿರ ಹೋಯಿತು, ಅಂಕಿ ಮಾತ್ರ ಕದಲಲಿಲ್ಲ. ಇಟ್ಟಿಗೆ ಚೂರನ್ನು ತಡೆಯುವ ಬಲೆ ಹಿಟ್ಟಿನಂಥ ಧೂಳನ್ನು ತಡೆಯದು. ಮಣ್ಣಿನ ಗಾರೆಯ ಗೋಡೆ ಕೆಡವುವಾಗ ನೀರು ಸುರಿಸಿದ್ದು ಇನ್ನೊಂದು ತಪ್ಪು. ಧೂಳೇನೋ ಅಡಗಿತು, ಆದರೆ ಕೆಸರು ಟ್ರ್ಯಾಕ್ಟರ್ ಗಾಲಿಗೆ ಮೆತ್ತಿ ರಸ್ತೆಯುದ್ದಕ್ಕೂ ಹರಡಿ, ಮಧ್ಯಾಹ್ನದ ಬಿಸಿಲಿಗೆ ಒಣಗಿ, ಇಡೀ ಬೀದಿಯ ಧೂಳಾಗಿ ಮರಳಿ ಬಂತು. ಅದೇ ಮಾರ್ಚಿನಲ್ಲಿ ಜಲಮಂಡಳಿ ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನಮ್ಮದು ಸಂಸ್ಕರಿಸಿದ ನೀರೇ ಆಗಿದ್ದರೂ, ಬಿಂದಿಗೆ ಹಿಡಿದು ಕಾಯುತ್ತಿದ್ದ ಜನರ ಎದುರು ಪೈಪು ಹಿಡಿದು ನಿಲ್ಲಲು ನಾಚಿಕೆಯಾಗುತ್ತಿತ್ತು. ಆಮೇಲೆ ಹಿಂದಿನ ಸಂಜೆಯೇ ಗೋಡೆಯನ್ನು ನಿಧಾನವಾಗಿ ನೆನೆಸಿ, ಗೇಟಿನ ಬಳಿ ಹತ್ತಡಿ ಉದ್ದಕ್ಕೆ 40 ಎಂಎಂ ಜಲ್ಲಿ ಹಾಸಿದೆ. ನೀರಿನ ಖರ್ಚು ಅರ್ಧಕ್ಕೆ ಇಳಿಯಿತು.

ಈ ನಡುವೆ ಬೆಲ್ಲದ ನೀರಿನ ಪ್ರಯೋಗವೂ ನಡೆಯಿತು. ಸಕ್ಕರೆಯ ಅಂಶ ಸಿಮೆಂಟಿನ ಹತ್ತಿರ ಸುಳಿಯಬಾರದೆಂದು ಗೊತ್ತಿದ್ದರಿಂದ ಹಿತ್ತಲಿನ ಮಣ್ಣಿನ ದಾರಿಗಷ್ಟೇ ಚಿಮುಕಿಸಿದೆ. ಮಣ್ಣು ಎರಡು ದಿನ ಗಟ್ಟಿಯಾಗಿ ಕೂತಿತು, ಮೂರನೆಯ ದಿನ ಇರುವೆ ಮುತ್ತಿ ಕಾಂಪೌಂಡ್ ದಾಟಿ ಪಕ್ಕದ ಅಡುಗೆಮನೆ ಸೇರಿದವು. ಅದನ್ನು ಯಾರೂ ಮಾಡಬೇಡಿ.

ಧೂಳೇಳದಿರಲೆಂದು ಎಂ-ಸ್ಯಾಂಡನ್ನು (ಕಲ್ಲು ಪುಡಿಮಾಡಿ ತಯಾರಿಸಿದ ಮರಳನ್ನು) ಒದ್ದೆ ಮಾಡಿ ತರಿಸಿದಾಗ ಟನ್ನಿನ ಲೆಕ್ಕದಲ್ಲಿ ನೀರಿಗೂ ಮರಳಿನ ದುಡ್ಡು ತೆತ್ತೆ. ಈಗ ಒಣಗಿದ್ದನ್ನೇ ತರಿಸಿ, ಇಳಿಸುವಾಗ ನಾವೇ ನೀರು ಚಿಮುಕಿಸಿ ಟಾರ್ಪಾಲು ಹೊದಿಸುತ್ತೇವೆ. ತೇವದ ಮರಳು ಉಬ್ಬುವುದರಿಂದ ಪೆಟ್ಟಿಗೆಯ ಅಳತೆಯಲ್ಲಿ ಮರಳು ಕಡಿಮೆ ಬಿದ್ದು ಸಿಮೆಂಟು ಹೆಚ್ಚು ಖರ್ಚಾಗುತ್ತದೆ ಎಂಬುದು, ಏಳೆಂಟು ಚೀಲ ಹೆಚ್ಚಿಗೆ ಹೋದ ಮೇಲೆ ನೆನಪಿಗೆ ಬಂತು.

ಯಂತ್ರದ ಅಂಕಿ ನಿಜವಾಗಿ ಜಿಗಿಯುತ್ತಿದ್ದುದು ಎಲೆಕ್ಟ್ರಿಷಿಯನ್ನರು ಪೈಪಿಗಾಗಿ ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಗಾಡಿ ಹೊಡೆಯುವಾಗ, ಅಂದರೆ ಉದ್ದಕ್ಕೆ ಕಾಲುವೆಯಂತೆ ಕೊರೆಯುವಾಗ, ಮತ್ತು ಗ್ರಾನೈಟನ್ನು ಒಣಗಿದಂತೆಯೇ ಕೊಯ್ಯುವಾಗ. ಬಯಲಿನಲ್ಲಿ ಕೊಯ್ಯಬಾರದು, ಕಲ್ಲನ್ನು ನೀರು ಹಾಯಿಸಿಯೇ ಕೊಯ್ಯಬೇಕು ಎಂದು ಕೇಂದ್ರದ 2018ರ ಅಧಿಸೂಚನೆಯಲ್ಲೇ ಇದೆ. ನಾವೆಲ್ಲ ಬಲೆಯ ಮಾತನ್ನಷ್ಟೇ ಪಾಲಿಸಿ ಉಳಿದದ್ದನ್ನು ಬಿಟ್ಟಿದ್ದೆವು. ಗ್ರಾನೈಟಿಗೆ ಉಪಾಯ ಸುಲಭವಾಗಿ ಸಿಕ್ಕಿತು. ಗ್ಲೂಕೋಸ್ ಬಾಟಲಿಯ ನಳಿಕೆಯಿಂದ ಬ್ಲೇಡಿಗೆ ನೀರು ತೊಟ್ಟಿಕ್ಕಿಸಿದರೆ ಸಾಕು, ಆದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇಲ್ಲದೆ ಆ ಕೆಲಸಕ್ಕೆ ಯಾರನ್ನೂ ಕೂರಿಸಬೇಡಿ. ಹರಿದ ಕೆಸರನ್ನು ಗುಂಡಿಯಲ್ಲಿ ನಿಲ್ಲಿಸಿ, ಹಸಿಯಿರುವಾಗಲೇ ಚೀಲಕ್ಕೆ ತುಂಬಬೇಕು. ಒಣಗಿದರೆ ಅದೂ ಧೂಳೇ.

ಗೋಡೆಗೆ ನೀರು ಹಾಕಿ ಗಾಡಿ ಹೊಡೆಯಲಾಗದ್ದರಿಂದ, ಒಂಬತ್ತು ಸಾವಿರಕ್ಕೆ ವ್ಯಾಕ್ಯೂಮ್ ತಂದು ಕಟ್ಟರಿನ ಬಾಯಿಗೆ ಜೋಡಿಸಿದೆ. ಫಿಲ್ಟರು ಇಪ್ಪತ್ತೇ ನಿಮಿಷದಲ್ಲಿ ಕಟ್ಟಿಕೊಂಡು, ನಾಲ್ಕನೆಯ ದಿನ ಮೋಟಾರೇ ಸುಟ್ಟಿತು. ಮೇಸ್ತ್ರಿ, ಎಲೆಕ್ಟ್ರಿಷಿಯನ್ನು, ಜೊತೆಯ ಕಂಟ್ರಾಕ್ಟರುಗಳು ಎಲ್ಲರೂ ನಕ್ಕರು. “ಧೂಳಿಲ್ಲದೆ ಮನೆ ಕಟ್ಟುತ್ತೀರಾ ಸಾರ್, ನೀರಿಲ್ಲದೆ ಈಜುತ್ತೀರಾ?” ಎಂದವರೂ ಇದ್ದರು. ಎರಡನೆಯ ವ್ಯಾಕ್ಯೂಮ್ ತಂದಾಗ ಅದಕ್ಕೂ ಕಟ್ಟರಿಗೂ ನಡುವೆ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಜೋಡಿಸಿ, ಗಾಳಿ ಅದರೊಳಗೆ ಸುತ್ತಿ ದಪ್ಪ ಧೂಳು ತಳಕ್ಕೆ ಬೀಳುವಂತೆ ಮಾಡಿದೆ. ಮುಚ್ಚಳದಲ್ಲಿ ತೂತು ಎಲ್ಲಿ, ಯಾವ ಓರೆಯಲ್ಲಿ ಕೊರೆಯಬೇಕೆಂಬುದನ್ನು ಮೂರು ಬಕೆಟ್ ಹಾಳುಮಾಡಿ ಕಲಿತಿದ್ದೇನೆ, ಅದು ನನ್ನಲ್ಲೇ ಇರಲಿ. ಈಗ ಫಿಲ್ಟರನ್ನು ದಿನಕ್ಕೊಮ್ಮೆ ಕೊಡವಿದರೆ ಸಾಕು.

ಗಾಡಿ ಹೊಡೆಯುವ ಹೊತ್ತಿಗೆ ಪಕ್ಕದ ಮನೆಯ ಬಾಲ್ಕನಿಯಲ್ಲಿ 400 ದಾಟುತ್ತಿದ್ದ ಪಿಎಂ10 (ಹತ್ತು ಮೈಕ್ರಾನಿಗಿಂತ ಸಣ್ಣ ಧೂಳಿನ ಅಂಕಿ), ನೂರಿಪ್ಪತ್ತರ ಆಸುಪಾಸಿಗೆ ಬಂತು. ಅಗ್ಗದ ಯಂತ್ರ ದಪ್ಪ ಧೂಳನ್ನು ಕಡಿಮೆ ಎಣಿಸುತ್ತದೆ, ಹಾಗಾಗಿ ಅಂಕಿಗಿಂತ ಇಳಿಕೆಯೇ ಮುಖ್ಯ. ಗೋಡೆಗೆ ಬಳಿದ ಪುಟ್ಟಿ ಉಜ್ಜುವ ಕೆಲಸದಲ್ಲಿ ಮಾತ್ರ ನನಗೆ ಇನ್ನೂ ಪೂರ್ತಿ ಗೆಲುವಿಲ್ಲ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೆಲಸದವರಿಗೆ ಎನ್-95 ಕೊಟ್ಟು ಮುಗಿಸಿದೆವು. ಸುಟ್ಟ ಯಂತ್ರವೂ ಸೇರಿ ಒಟ್ಟು ನಲವತ್ತೆರಡು ಸಾವಿರದಷ್ಟು ಖರ್ಚಾಗಿರಬೇಕು. ಅದರಲ್ಲಿ ಬಲೆಗೆ ಹೋದ ಹದಿನೆಂಟು ಸಾವಿರ ವ್ಯರ್ಥ. ದೂರಿನಿಂದ ಕೆಲಸ ನಿಂತ ದಿನ ಒಂದೂ ಇಲ್ಲ, ಹಿಂದಿನ ಸೈಟಿನಲ್ಲಿ ಹಾಗೆ ಹನ್ನೊಂದು ದಿನ ಹೋಗಿತ್ತು.

ಅಂದು ನಕ್ಕ ಎಲೆಕ್ಟ್ರಿಷಿಯನ್ನು ಈಗ ತನ್ನ ಬೇರೆ ಸೈಟುಗಳಿಗೂ ಬಕೆಟ್ ಒಯ್ಯುತ್ತಾನೆ. ಮುಚ್ಚಳವನ್ನು ಮಾತ್ರ ನಾನೇ ಕೊರೆದುಕೊಡುತ್ತೇನೆ.