ಟೈಟನ್‌ನ ಮನೆಗೊಂದು ಕೈಪಿಡಿ: ರಿಪೇರಿಯವರ ಕಡೆಯಿಂದ ಬರೆದ ಚಿತ್ರಗಳು

ಬೆಂಗಳೂರಿನ ಗೆಳೆಯರ ತಂಡವೊಂದು ಕನ್ನಡದಲ್ಲಿ ಮಾಡುತ್ತಿರುವ ವೈಜ್ಞಾನಿಕ ಕಥಾಚಿತ್ರಕ್ಕೆ ಸಚಿತ್ರ ಕೈಪಿಡಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಥೆ ನಡೆಯುವುದು ಶನಿಯ ಉಪಗ್ರಹ ಟೈಟನ್ ಮೇಲೆ. ಅಲ್ಲಿನ ಮನೆ, ಉಡುಪು, ಉಪಕರಣಗಳ ಅಳತೆ, ಒಳರಚನೆ ಎಲ್ಲ ಒಂದೇ ಪುಸ್ತಕದಲ್ಲಿ ಸಿಗಬೇಕು. ಸೆಟ್ ಕಟ್ಟುವ ಬಡಗಿಯಿಂದ ಬಟ್ಟೆ ಹೊಲಿಯುವವರವರೆಗೆ ಎಲ್ಲರೂ ಅದನ್ನೇ ನೋಡಿ ಕೆಲಸ ಮಾಡಬೇಕು. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನೆರವಾದೀತೆಂದು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆನ್ಸಿಲ್ ಹಿಡಿಯುವ ಮೊದಲು ಟೈಟನ್‌ನ ನಿಜ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಗುರುತ್ವ ನಮ್ಮದರ ಏಳನೇ ಒಂದು ಪಾಲು. ಗಾಳಿಯ ಒತ್ತಡ ಭೂಮಿಯದರ ಸುಮಾರು ಒಂದೂವರೆ ಪಟ್ಟು. ನೆಲದ ಉಷ್ಣತೆ ಮೈನಸ್ 179 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ಬಹುಪಾಲು ನೈಟ್ರೋಜನ್, ಜೊತೆಗೊಂದಿಷ್ಟು ಮೀಥೇನ್. ಉಸಿರಾಡಲು ಆಮ್ಲಜನಕವಿಲ್ಲ. ನೀರು ಅಲ್ಲಿ ಬಂಡೆಗಲ್ಲು, ಮಳೆ ಮೀಥೇನಿನದು. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿಳಿದು ಚಿತ್ರ ಕಳಿಸಿತ್ತು. ಆ ನೆಲದ ಉರುಟು ಕಲ್ಲುಗಳನ್ನು ನೋಡುತ್ತಲೇ ನನ್ನ ಮೊದಲ ಪುಟ ಹುಟ್ಟಿತು.

ಆಕಾಶದಲ್ಲಿ ಉಂಗುರ ತೊಟ್ಟ ಶನಿ ಇರಲಿ ಎಂದು ನಿರ್ದೇಶಕನಿಗೆ ಬಹಳ ಆಸೆಯಿತ್ತು. ನಾನು ಒಪ್ಪಲಿಲ್ಲ. ದಟ್ಟವಾದ ಕಿತ್ತಳೆ ಮಬ್ಬಿನಡಿಯಿಂದ ಶನಿ ಕಾಣುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ಶನಿಯ ಬಗ್ಗೆ ಕೇಳಿರುತ್ತಾರೆ, ನೋಡಿರುವುದಿಲ್ಲ. ಆಮೇಲೆ ಅವನು ಅದನ್ನೇ ಒಂದು ದೃಶ್ಯವಾಗಿ ಬರೆದ.

ಕೈಪಿಡಿಗೆ ನಾನಿಟ್ಟುಕೊಂಡ ನಿಯಮ ಒಂದೇ: ಪ್ರತಿ ವಸ್ತುವನ್ನೂ ಅದನ್ನು ರಿಪೇರಿ ಮಾಡುವವರ ಕಡೆಯಿಂದ ಬರೆಯುವುದು. ಕೆಟ್ಟರೆ ಇದನ್ನು ಯಾರು ಬಿಚ್ಚುತ್ತಾರೆ, ಯಾವ ಕೈಯಿಂದ, ಎಲ್ಲಿ ನಿಂತು? ಈ ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಹಿಡಿಕೆ, ಸ್ಕ್ರೂ, ತೇಪೆ, ಸವೆದ ಅಂಚು ತಾನಾಗಿಯೇ ಬರುತ್ತವೆ. ಬರೀ ಅಂದಕ್ಕೆಂದು ಬರೆದ ಯಂತ್ರಕ್ಕೆ ಹಿಂಬದಿಯೇ ಇರುವುದಿಲ್ಲ.

ಮನೆಯ ಗೋಡೆಗೇ ಅತಿ ಹೆಚ್ಚು ಸಮಯ ಹಿಡಿಯಿತು. ಒಳಗಿನ ಒತ್ತಡ ಭೂಮಿಯಷ್ಟೇ ಇದ್ದರೆ, ಸಣ್ಣ ಬಿರುಕು ಬಿಟ್ಟರೂ ಹೊರಗಿನ ಗಾಳಿ ಒಳನುಗ್ಗುತ್ತದೆ. ಅದರೊಡನೆ ಬರುವ ಮೀಥೇನ್ ಮನೆಯೊಳಗಿನ ಆಮ್ಲಜನಕದೊಡನೆ ಬೆರೆಯುತ್ತದೆ. ನಮ್ಮ ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಹಾಗಾಗಿ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತುಸು ಹೆಚ್ಚಿಟ್ಟೆ. ಸೋರಿದರೆ ಹೊರಕ್ಕೇ ಸೋರಲಿ. ಮೀಥೇನಿಗೆ ವಾಸನೆಯಿಲ್ಲ. ನಮ್ಮ ಅಡುಗೆ ಗ್ಯಾಸಿಗೆ ವಾಸನೆ ಬೇಕೆಂದೇ ಸೇರಿಸುತ್ತಾರೆ, ಅಲ್ಲಿ ಆ ಉಪಕಾರ ಮಾಡುವವರಿಲ್ಲ. ಅದಕ್ಕೇ ಪ್ರತಿ ಕೋಣೆಯಲ್ಲೂ ಮಲಗಿದವರ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಸೂಚಕ ದೀಪವಿದೆ. ಬಾಗಿಲ ಅಂಚಿಗೆ ಸಾಮಾನ್ಯ ರಬ್ಬರ್ ಆಗದು, ಆ ಚಳಿಗೆ ಗಾಜಿನಂತೆ ಒಡೆಯುತ್ತದೆ. ದ್ರವ ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿಯಲ್ಲಿ. ಅಂದರೆ ಇಸ್ರೋದ ಕ್ರಯೋಜೆನಿಕ್ ಇಂಜಿನಿನಲ್ಲಿ ಈ ದ್ರವವನ್ನು ಹರಿಸುವ ವಾಲ್ವುಗಳು ತಾಳಿಕೊಳ್ಳುವುದು ಹೆಚ್ಚುಕಡಿಮೆ ಟೈಟನ್‌ನ ಚಳಿಯನ್ನೇ. ಇದು ಹೊಳೆದ ಮೇಲೆ ಕೊಳವೆ, ಜೋಡಣೆಗಳಿಗೆ ಮಾದರಿ ಎಲ್ಲಿ ಹುಡುಕಬೇಕೆಂಬ ಚಿಂತೆ ತಪ್ಪಿತು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಡೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೂ ಹೋಗಿ, ಅಲ್ಲಿಟ್ಟಿರುವ ವಿಮಾನದ ಇಂಜಿನ್‌ಗಳನ್ನು ನೋಡಿಕೊಂಡು ಬರೆದೆ.

ಗುರುತ್ವ ಕಡಿಮೆಯಾದರೆ ಸವೆತದ ಜಾಗವೇ ಬದಲಾಗುತ್ತದೆ. 1 ಮೀಟರ್ ಎತ್ತರದಿಂದ ಜಾರಿದ ಸ್ಪ್ಯಾನರ್ ಇಲ್ಲಿ ಅರೆ ಸೆಕೆಂಡಿನೊಳಗೆ ನೆಲ ಸೇರುತ್ತದೆ, ಅಲ್ಲಿ 1.2 ಸೆಕೆಂಡು ಬೇಕು, ಬಗ್ಗಿ ಹಿಡಿದುಬಿಡಬಹುದು. ಜನ ನಡೆಯುವುದಕ್ಕಿಂತ ಹೆಚ್ಚು ಜಿಗಿಯುತ್ತಾರೆ, ತಲೆ ತಗುಲದಂತೆ ಮೇಲಿನ ಹಿಡಿಗಳನ್ನು ಹಿಡಿಯುತ್ತಾರೆ. ಆದ್ದರಿಂದ ನಮ್ಮ ಸೆಟ್ಟಿನಲ್ಲಿ ಬಣ್ಣ ಹೋಗಿ ಲೋಹ ಕಾಣುವುದು ಚಾವಣಿಯ ಹಿಡಿಗಳಲ್ಲಿ. ನೆಲ ಹೆಚ್ಚುಕಡಿಮೆ ಹೊಸದಾಗಿಯೇ ಉಳಿದಿರುತ್ತದೆ.

ಕರಡು ಚಿತ್ರಗಳನ್ನು ಜೆ.ಸಿ. ರಸ್ತೆಯ ಹಿಂದಿನ ಗ್ಯಾರೇಜೊಂದಕ್ಕೆ ಒಯ್ದು ತೋರಿಸುತ್ತಿದ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಂಡು ನೋಡಿ, "ಅಕ್ಕಾ, ನಟ್ಟೇನೋ ಇಟ್ಟಿದ್ದೀರ, ಸ್ಪ್ಯಾನರ್ ತಿರುಗ್ಸೋಕೆ ಜಾಗ ಎಲ್ಲಿ?" ಎನ್ನುವವರು. "ಅಲ್ಲಿ ಗ್ಲೌಸ್ ಹಾಕಿರ್ತಾರಲ್ವಾ, ಹಂಗಾದ್ರೆ ಇನ್ನೂ ನಾಕ್ ಬೆರಳು ಜಾಗ ಬಿಡಿ." ಬಿಟ್ಟೆ. ಕಲಾವಿದರು ಹತ್ತು ಮಂದಿ ಕೂಡಿ ಕೊಡುವ ಸಲಹೆಗಿಂತ ಆ ನಾಲ್ಕು ಬೆರಳು ದೊಡ್ಡದು ಎಂದೇ ನನ್ನ ಎಣಿಕೆ.

ಬರೆಯುವ ಕ್ರಮ ಸರಳ. ಮೊದಲು ನಕ್ಷೆ, ಎದುರುನೋಟ, ಆಮೇಲೆ ಸೀಳುನೋಟ. ಮನೆಗಳೆಲ್ಲ 1:50 ಪ್ರಮಾಣದಲ್ಲಿವೆ, ಪ್ರತಿ ಪುಟದಲ್ಲೂ ಕೆಲಸದಲ್ಲಿ ತೊಡಗಿದ ಒಬ್ಬ ವ್ಯಕ್ತಿ ಇದ್ದೇ ಇರಬೇಕು. ಹೊರಗೆರೆಗೆ 0.5 ಮಿ.ಮೀ. ಪೆನ್ನು, ಒಳಭಾಗಕ್ಕೆ 0.1.

ಮುದ್ರಣದಲ್ಲಿ ಎರಡು ಸಂಗತಿ ಗಮನಿಸಿ. ಪರದೆಯ ಮೇಲೆ ಉರಿಯುವಂತಿರುವ ಕಿತ್ತಳೆ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ, ಆದ್ದರಿಂದ ಮೊದಲೇ ಒಂದು ಪುಟ ಮುದ್ರಿಸಿ ನೋಡಿ. ಭಾಗಗಳ ಹೆಸರಿನ ಪಟ್ಟಿಗಳಿಗೆ ತೀರ ಸಣ್ಣಕ್ಷರ ಬೇಡ. ಇಂಗ್ಲಿಷ್ 6 ಪಾಯಿಂಟಿನಲ್ಲೂ ನಿಲ್ಲುತ್ತದೆ, ಕನ್ನಡದ ಒತ್ತಕ್ಷರಗಳು ಆ ಅಳತೆಯಲ್ಲಿ ಮಸಿಗೆ ಮುಚ್ಚಿಹೋಗುತ್ತವೆ. ನಾನು 9ಕ್ಕಿಂತ ಕೆಳಗಿಳಿಯಲಿಲ್ಲ, ಸಾಲುಗಳ ನಡುವೆಯೂ ಧಾರಾಳವಾಗಿ ಜಾಗ ಬಿಟ್ಟೆ.

ಈಗ ಉಳಿದಿರುವುದು ಕ್ರಾಕೆನ್ ಮಾರೆ ಎಂಬ ಮೀಥೇನ್ ಸಮುದ್ರದ ದೋಣಿ. ದ್ರವ ಮೀಥೇನಿನ ಸಾಂದ್ರತೆ ನೀರಿನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ನಮ್ಮ ಕಡಲಲ್ಲಿ ತೇಲುವ ದೋಣಿ ಅಲ್ಲಿ ಮುಳುಗೀತು. ಅಷ್ಟೇ ಭಾರಕ್ಕೆ ಎರಡು ಪಟ್ಟಿಗೂ ಹೆಚ್ಚಿನ ಒಡಲು ಬೇಕು. ಅಷ್ಟು ಆಳದ ತಳಕ್ಕೆ ಇಳಿದು ತೂತು ಮುಚ್ಚುವವರು ಹೇಗೆ ಕೂರುತ್ತಾರೆ, ದೀಪ ಎಲ್ಲಿಟ್ಟುಕೊಳ್ಳುತ್ತಾರೆ ಎಂಬುದು ಬೆಂಗಳೂರಿನಲ್ಲಿ ಕೂತು ತಿಳಿಯುವ ಮಾತಲ್ಲ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದಾಗ ಮಲ್ಪೆಗೆ ಹೋಗಿ, ಅವನ್ನು ದುರಸ್ತಿ ಮಾಡುವವರ ಪಕ್ಕ ಕೂತು ಬರೆದುಕೊಳ್ಳುವುದೆಂದು ಗೊತ್ತುಮಾಡಿಕೊಂಡಿದ್ದೇನೆ.